‘ಮೊದಲ ಮುದ್ರಣ’ ಎಂಬ ಮಾತನ್ನು ಎಷ್ಟು ನಂಬಬಹುದು?

ಪ್ರಶ್ನೆ: ಚರ್ಚ್ ಸ್ಟ್ರೀಟಿನ ಹಳೆಯ ಪುಸ್ತಕದಂಗಡಿಯೊಂದರಲ್ಲಿ, ಅಮೆರಿಕದಲ್ಲಿ ಅಚ್ಚಾದ ಇಂಗ್ಲಿಷ್ ಕಾದಂಬರಿಯೊಂದನ್ನು 1,800 ರೂಪಾಯಿ ಕೊಟ್ಟು ತಂದಿದ್ದೇನೆ. ಶೀರ್ಷಿಕೆ ಪುಟದ ಹಿಂಬದಿಯಲ್ಲಿ ‘ಫಸ್ಟ್ ಎಡಿಷನ್’ ಎಂದು ಸ್ಪಷ್ಟವಾಗಿ ಅಚ್ಚಾಗಿದೆ. ಅದರ ಕೆಳಗೆ 10 9 8 7 6 5 4 3 ಎಂಬ ಅಂಕಿಗಳಿವೆ. ಇದು ಮೂರನೆಯ ಮುದ್ರಣವೆಂದು ಗೆಳೆಯರು ಹೇಳುತ್ತಾರೆ, ಅಂಗಡಿಯವರು ಒಪ್ಪುವುದಿಲ್ಲ. ಯಾರ ಮಾತು ಸರಿ?
– ಓದುಗರು, ಮೈಸೂರು

ಉತ್ತರ: ಇಬ್ಬರೂ ಸುಳ್ಳು ಹೇಳಿಲ್ಲ. ಆದರೆ ನೀವು ಕೊಟ್ಟ ದುಡ್ಡಿನ ಲೆಕ್ಕದಲ್ಲಿ ಗೆಳೆಯರ ಮಾತೇ ಗಟ್ಟಿ. ಒಮ್ಮೆ ಜೋಡಿಸಿದ ಪಠ್ಯವನ್ನು ಹೆಚ್ಚೇನೂ ಬದಲಾಯಿಸದೆ ಎಷ್ಟು ಸಲ ಅಚ್ಚು ಹಾಕಿದರೂ ಪ್ರಕಾಶಕರ ಲೆಕ್ಕದಲ್ಲಿ ಅದೆಲ್ಲ ಒಂದೇ ‘ಎಡಿಷನ್’. ಒಂದು ಸಲ ಯಂತ್ರಕ್ಕೆ ಏರಿಸಿ ಇಳಿಸಿದ ಪ್ರತಿಗಳಷ್ಟೇ ಒಂದು ‘ಪ್ರಿಂಟಿಂಗ್’. ಹಳೆಯ ಪುಸ್ತಕಗಳನ್ನು ಸಂಗ್ರಹಿಸುವವರು ‘ಫಸ್ಟ್ ಎಡಿಷನ್’ ಎಂದಾಗ ಅವರ ಮನಸ್ಸಿನಲ್ಲಿರುವುದು ಮೊದಲ ಎಡಿಷನ್ನಿನ ಮೊದಲ ಪ್ರಿಂಟಿಂಗ್ ಮಾತ್ರ. ಕನ್ನಡದಲ್ಲಿ ನಾವು ಆವೃತ್ತಿ, ಮುದ್ರಣ ಎಂಬ ಎರಡು ಮಾತುಗಳನ್ನೂ ಒಂದೇ ಅರ್ಥದಲ್ಲಿ ಬಳಸುತ್ತ ಬಂದಿರುವುದರಿಂದ ಗೊಂದಲ ಇನ್ನೂ ಹೆಚ್ಚು. ಇಲ್ಲಿ ಎಡಿಷನ್ನಿಗೆ ಆವೃತ್ತಿ, ಪ್ರಿಂಟಿಂಗಿಗೆ ಮುದ್ರಣ ಎಂದು ಇಟ್ಟುಕೊಳ್ಳುತ್ತೇನೆ. ನಿಮ್ಮ ಪುಸ್ತಕ ಮೊದಲ ಆವೃತ್ತಿಯ ಮೂರನೆಯ ಮುದ್ರಣ.

ಆ ಅಂಕಿಗಳ ಸಾಲಿನ ಗುಟ್ಟು ಸರಳವಾದದ್ದು. ಮೊದಲ ಮುದ್ರಣಕ್ಕೆ 1ರಿಂದ 10ರವರೆಗಿನ ಅಂಕಿಗಳನ್ನು ಇಡುತ್ತಾರೆ. ಎರಡನೆಯ ಸಲ ಅಚ್ಚು ಹಾಕುವಾಗ 1ನ್ನು ಅಳಿಸುತ್ತಾರೆ, ಮೂರನೆಯ ಸಲ 2ನ್ನು. ಸಿದ್ಧವಾದ ಫಿಲ್ಮಿನಲ್ಲೋ ಪ್ಲೇಟಿನಲ್ಲೋ ಹೊಸದಾಗಿ ಅಕ್ಷರ ಸೇರಿಸುವುದಕ್ಕಿಂತ ಇದ್ದದ್ದನ್ನು ಕೆರೆದು ತೆಗೆಯುವುದು ಸುಲಭ ಎಂಬ ಅಚ್ಚುಕೂಟದ ಜಾಣತನದಿಂದ ಹುಟ್ಟಿದ ಪದ್ಧತಿ ಇದು. ಆದ್ದರಿಂದ ಸಾಲಿನಲ್ಲಿ ಉಳಿದಿರುವ ಅತಿ ಚಿಕ್ಕ ಅಂಕಿಯೇ ಮುದ್ರಣದ ಸಂಖ್ಯೆ. ಸಾಲು ಏರಿಕೆಯಲ್ಲಿರಲಿ, ಇಳಿಕೆಯಲ್ಲಿರಲಿ, ವ್ಯತ್ಯಾಸವಿಲ್ಲ. ಕೆಲವರು 1 3 5 7 9 10 8 6 4 2 ಎಂದು ಬರೆಯುವುದೂ ಉಂಟು. ಎರಡು ತುದಿಗಳಿಂದಲೂ ಸರದಿಯಂತೆ ಅಳಿಸುತ್ತ ಹೋದಾಗ ಉಳಿದ ಅಂಕಿಗಳು ಪುಟದ ನಡುವೆಯೇ ನಿಲ್ಲಲಿ ಎಂಬುದಷ್ಟೇ ಅದರ ಉದ್ದೇಶ.

ಈ ನಿಯಮಕ್ಕೆ ಒಂದು ಹೆಸರಾಂತ ಅಪವಾದವಿದೆ. ನ್ಯೂಯಾರ್ಕಿನ ರ್‍ಯಾಂಡಮ್ ಹೌಸ್ ಸಂಸ್ಥೆ ಹಲವು ದಶಕಗಳ ಕಾಲ ತನ್ನ ಮೊದಲ ಮುದ್ರಣಗಳಲ್ಲಿ ‘ಫಸ್ಟ್ ಎಡಿಷನ್’ ಎಂಬ ಮಾತಿನೊಂದಿಗೆ 2ರಿಂದ ಆರಂಭವಾಗುವ ಸಾಲನ್ನು ಹಾಕುತ್ತಿತ್ತು. ಎರಡನೆಯ ಮುದ್ರಣಕ್ಕೆ ಅಂಕಿಗಳನ್ನು ಮುಟ್ಟದೆ ‘ಫಸ್ಟ್ ಎಡಿಷನ್’ ಎಂಬ ಮಾತನ್ನೇ ತೆಗೆಯುತ್ತಿದ್ದರು. ಈ ಸಂಗತಿ ತಿಳಿಯುವ ಮೊದಲು, ಅವೆನ್ಯೂ ರಸ್ತೆಯಲ್ಲಿ ಕೈಗೆ ಬಂದಿದ್ದ ಅಂಥದೊಂದು ಪುಸ್ತಕವನ್ನು ‘2 ಇದೆ, ಎರಡನೆಯ ಮುದ್ರಣ’ ಎಂದು ಬಹಳ ಬುದ್ಧಿವಂತನಂತೆ ಅಂಗಡಿಯವರಿಗೇ ಹಿಂದಿರುಗಿಸಿ ಬಂದಿದ್ದೆ. ಆ ಪೆಟ್ಟು ತಿಂದ ಮೇಲೆ, ಪುಸ್ತಕ ನೋಡುವ ಮೊದಲು ಪ್ರಕಾಶಕರ ಪದ್ಧತಿ ನೋಡುವುದನ್ನು ರೂಢಿಸಿಕೊಂಡಿದ್ದೇನೆ. ಪದ್ಧತಿಗಳು ಒಂದೊಂದು ಮನೆಗೆ ಒಂದೊಂದು ಥರ. ಹೂಟನ್ ಮಿಫ್ಲಿನ್ ಸಂಸ್ಥೆಯ ಹಳೆಯ ಪುಸ್ತಕಗಳಲ್ಲಿ ಮೊದಲ ಮುದ್ರಣದ ಶೀರ್ಷಿಕೆ ಪುಟದ ಬುಡದಲ್ಲಿ ಇಸವಿ ಇರುತ್ತದೆ, ಮರುಮುದ್ರಣದಲ್ಲಿ ಅದು ಮಾಯವಾಗುತ್ತದೆ. ಬ್ರಿಟಿಷ್ ಪ್ರಕಾಶಕರು ಹೆಚ್ಚಾಗಿ ‘ಫಸ್ಟ್ ಪಬ್ಲಿಷ್ಡ್’ ಎಂದು ಇಸವಿ ಹಾಕಿ ಸುಮ್ಮನಾಗುತ್ತಿದ್ದರು; ಅದರ ಕೆಳಗೆ ‘ರೀಪ್ರಿಂಟೆಡ್’ ಎಂಬ ಸಾಲು ಇಲ್ಲದಿದ್ದರೆ ಮೊದಲ ಮುದ್ರಣವೆಂದು ತಿಳಿಯಬೇಕು. ಇನ್ನು ಕಾಪಿರೈಟ್ ಚಿಹ್ನೆಯ ಪಕ್ಕದ ಇಸವಿಯಿಂದ ಏನನ್ನೂ ನಿರ್ಧರಿಸಲು ಬರುವುದಿಲ್ಲ. ಅದು ಕೃತಿಯ ಹಕ್ಕು ಹುಟ್ಟಿದ ವರ್ಷವಾದ್ದರಿಂದ ಐವತ್ತನೆಯ ಮುದ್ರಣದಲ್ಲೂ ಹಾಗೆಯೇ ಇರುತ್ತದೆ.

ಪ್ರಶ್ನೆ: ಇಲ್ಲಿನ ಸಾರ್ವಜನಿಕ ಗ್ರಂಥಾಲಯದ ವಾರ್ಷಿಕ ಮಾರಾಟದಲ್ಲಿ ಹೆಮಿಂಗ್ವೇ ಅವರ ‘ದಿ ಓಲ್ಡ್ ಮ್ಯಾನ್ ಅಂಡ್ ದ ಸೀ’ ಪುಸ್ತಕ ಎರಡು ಡಾಲರಿಗೆ ಸಿಕ್ಕಿತು. ಒಳಗೆ 1952 ಎಂದಿದೆ, ಸ್ಕ್ರಿಬ್ನರ್ಸ್ ಪ್ರಕಾಶನದ ಹೆಸರಿದೆ, ಮರುಮುದ್ರಣವೆಂದು ಎಲ್ಲೂ ಹೇಳಿಲ್ಲ. ರಟ್ಟಿನ ಮೇಲೆ ಹಾಕುವ ಕಾಗದದ ಹೊದಿಕೆ, ಅಂದರೆ ಡಸ್ಟ್ ಜಾಕೆಟ್ ಕೂಡ ಇದೆ, ಆದರೆ ಅದರ ಒಳಮಡಿಕೆಯಲ್ಲಿ ಬೆಲೆ ಕಾಣುವುದಿಲ್ಲ. ಹಿಂಬದಿಯ ರಟ್ಟಿನ ಮೂಲೆಯಲ್ಲಿ ಬೆರಳಿಗೆ ತಗಲುವ ಒಂದು ಸಣ್ಣ ತಗ್ಗು ಇದೆ. ಊರಿಗೆ ಬರುವಾಗ ಅಣ್ಣನಿಗೆ ಉಡುಗೊರೆಯಾಗಿ ತರಬೇಕೆಂದಿದ್ದೇನೆ. ಇದು ಮೊದಲ ಮುದ್ರಣವೇ?
– ಓದುಗರು, ನ್ಯೂ ಜೆರ್ಸಿ

ಉತ್ತರ: ನೀವು ಗಮನಿಸಿ ಬರೆದಿರುವ ಆ ತಗ್ಗೇ ಉತ್ತರ. ಅಮೆರಿಕದಲ್ಲಿ 1926ರಿಂದ ನಡೆದುಬಂದ ‘ಬುಕ್ ಆಫ್ ದ ಮಂತ್ ಕ್ಲಬ್’ ತನ್ನ ಸದಸ್ಯರಿಗೆ ಅಂಚೆಯಲ್ಲಿ ಕಳುಹಿಸುತ್ತಿದ್ದ ಪ್ರತಿಗಳ ಹಿಂಬದಿಯ ರಟ್ಟಿನಲ್ಲಿ, ಕೆಳಗೆ, ಬೆನ್ನಿನ ಬಳಿಯಲ್ಲಿ, ಬಣ್ಣವಿಲ್ಲದ ಒಂದು ಚುಕ್ಕೆಯನ್ನೋ ಸಣ್ಣ ಚೌಕವನ್ನೋ ಒತ್ತುತ್ತಿದ್ದರು. ಮುಖಪುಟ, ಜಾಕೆಟ್ಟಿನ ಚಿತ್ರ, ಪುಟವಿನ್ಯಾಸ ಎಲ್ಲವೂ ಅಂಗಡಿಯ ಪ್ರತಿಯಂತೆಯೇ ಇರುವುದರಿಂದ ಬಹಳ ಜನ ಮೋಸಹೋಗುತ್ತಾರೆ. ಸದಸ್ಯರಿಗೆ ಬೇರೆ ದರವಿದ್ದ ಕಾರಣ ಕ್ಲಬ್ಬಿನ ಜಾಕೆಟ್ಟಿನಲ್ಲಿ ಬೆಲೆ ಇರುವುದಿಲ್ಲ. ಅಂಗಡಿಯಲ್ಲಿ ಮಾರಿದ ಪ್ರತಿಯ ಒಳಮಡಿಕೆಯಲ್ಲಿ ಮೂರು ಡಾಲರ್ ಎಂದು ಅಚ್ಚಾಗಿರಬೇಕು. ಒಂದು ಎಚ್ಚರಿಕೆಯನ್ನೂ ಹೇಳಬೇಕು. ಉಡುಗೊರೆ ಕೊಡುವವರು ಬೆಲೆಯಿದ್ದ ಮೂಲೆಯನ್ನು ಕತ್ತರಿಸಿ ಕೊಡುವ ರೂಢಿ ಅಲ್ಲಿ ಹಿಂದಿನಿಂದಲೂ ಇದೆ. ಮೂಲೆ ಕತ್ತರಿಸಿ ಹೋಗಿದ್ದರೆ ಬೆಲೆ ಇತ್ತೋ ಇಲ್ಲವೋ ತಿಳಿಯುವುದಿಲ್ಲ. ನಿಮ್ಮ ಪ್ರತಿಯಲ್ಲಿ ಮೂಲೆ ಪೂರ್ತಿಯಾಗಿದ್ದೂ ಬೆಲೆ ಇಲ್ಲದಿದ್ದರೆ ಅನುಮಾನಕ್ಕೆ ಎಡೆಯೇ ಇಲ್ಲ.

ಸ್ಕ್ರಿಬ್ನರ್ಸ್ ಸಂಸ್ಥೆ 1930ರಿಂದ ಮೊದಲ ಮುದ್ರಣದ ಕಾಪಿರೈಟ್ ಪುಟದಲ್ಲಿ, ಅಂದರೆ ಶೀರ್ಷಿಕೆ ಪುಟದ ಹಿಂಬದಿಯಲ್ಲಿ, ಇಂಗ್ಲಿಷಿನ ‘ಎ’ ಅಕ್ಷರವನ್ನು ಹಾಕುವ ಪದ್ಧತಿಯನ್ನು ಆರಂಭಿಸಿತು. ಈ ಪುಸ್ತಕದ ಮೊದಲ ಮುದ್ರಣದಲ್ಲಿ ಆ ಅಕ್ಷರವೂ ಪ್ರಕಾಶನದ ಮುದ್ರೆಯೂ ಇರುತ್ತವೆ. ಅಂಥ ಪ್ರತಿ ಸಿಕ್ಕರೂ ಅದು ಅಪರೂಪದ ವಸ್ತುವೇನಲ್ಲ, ಏಕೆಂದರೆ ಮೊದಲ ಸಲವೇ 50,000 ಪ್ರತಿಗಳನ್ನು ಅಚ್ಚು ಹಾಕಿದ್ದರು. ಹಾಗೆ ನೋಡಿದರೆ ಕಥೆ ಮೊದಲು ಬೆಳಕು ಕಂಡದ್ದೇ ಪುಸ್ತಕದಲ್ಲಲ್ಲ; 1952ರ ಸೆಪ್ಟೆಂಬರ್ 1ರ ‘ಲೈಫ್’ ಪತ್ರಿಕೆಯ ಸಂಚಿಕೆಯಲ್ಲಿ ಅದು ಇಡಿಯಾಗಿ ಪ್ರಕಟವಾಗಿ, ಒಂದು ವಾರದ ನಂತರ ಪುಸ್ತಕ ಹೊರಬಂತು.

ಅದೇ ಸಂಸ್ಥೆ 1930ಕ್ಕಿಂತ ಮೊದಲು ತಂದ ಪುಸ್ತಕಗಳ ಪಾಡು ಬೇರೆ. 1925ರಲ್ಲಿ ಬಂದ ಫಿಟ್ಜ್‌ಜೆರಾಲ್ಡ್ ಅವರ ‘ದ ಗ್ರೇಟ್ ಗ್ಯಾಟ್ಸ್‌ಬಿ’ ಕಾದಂಬರಿಯ ಮೊದಲ ಮುದ್ರಣ ಏಪ್ರಿಲಿನಲ್ಲಿ 20,870 ಪ್ರತಿಗಳಾಗಿ, ಎರಡನೆಯದು ಅದೇ ಆಗಸ್ಟಿನಲ್ಲಿ 3,000 ಪ್ರತಿಗಳಾಗಿ ಬಂದವು. ಎರಡರಲ್ಲೂ ಇಸವಿ ಅದೇ, ಕಾಪಿರೈಟ್ ಪುಟದಲ್ಲಿ ಭೇದವೇ ಇಲ್ಲ. ಅವನ್ನು ಬೇರ್ಪಡಿಸಲು ಇರುವ ದಾರಿ ಪಠ್ಯದೊಳಗಿನ ತಿದ್ದುಪಡಿಗಳು ಮಾತ್ರ. ಮೊದಲ ಮುದ್ರಣದ 60ನೆಯ ಪುಟದಲ್ಲಿ ‘ಚ್ಯಾಟರ್’ ಎಂದಿದ್ದ ಪದ ಎರಡನೆಯದರಲ್ಲಿ ‘ಎಕೊಲೇಲಿಯಾ’ ಆಯಿತು. 205ನೆಯ ಪುಟದಲ್ಲಿ ‘ಸಿಕ್ ಇನ್ ಟೈರ್ಡ್’ ಎಂದು ಮೂರು ಪದಗಳಾಗಿ ಒಡೆದು ಅಚ್ಚಾಗಿದ್ದುದು ‘ಸಿಕ್ಯಾಂಟೈರ್ಡ್’ ಎಂದು ಒಂದೇ ಪದವಾಯಿತು. ಇನ್ನೂ ಸ್ವಾರಸ್ಯದ ಸಂಗತಿ ಜಾಕೆಟ್ಟಿನ ಹಿಂಬದಿಯಲ್ಲಿದೆ. ಅಲ್ಲಿ ನಾಯಕ ಜೇ ಗ್ಯಾಟ್ಸ್‌ಬಿಯ ಹೆಸರಿನ ಮೊದಲ ಅಕ್ಷರ ತಪ್ಪಿ ಸಣ್ಣಕ್ಷರವಾಗಿ ಅಚ್ಚಾಗಿಬಿಟ್ಟಿತ್ತು. ಅದನ್ನು ಪ್ರತಿಗಳ ಮೇಲೆ ಕೈಯಿಂದ ಶಾಯಿಯಲ್ಲಿ ತಿದ್ದಿ ದೊಡ್ಡಕ್ಷರ ಮಾಡಿದರು. ಆ ಶಾಯಿಯ ಗೀಟಿರುವ ಜಾಕೆಟ್ಟು ಪುಸ್ತಕಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬೆಲೆಬಾಳುತ್ತದೆ. ಇಷ್ಟು ಹಣ ಒಂದು ಕಾಗದದ ಹೊದಿಕೆಗೆ ಏಕೆ ಎಂದು ನನಗೆ ಈಗಲೂ ಒಗಟು, ಆದರೆ ಮಾರುಕಟ್ಟೆ ನನ್ನನ್ನು ಕೇಳಿ ನಡೆಯುವುದಿಲ್ಲ. ನಿಮ್ಮ ಅಣ್ಣನಿಗೆ ಕ್ಲಬ್ಬಿನ ಪ್ರತಿಯನ್ನೇ ಕೊಡಿ, ಓದುವುದಕ್ಕೆ ಅದು ಒಳ್ಳೆಯ ಪುಸ್ತಕ.

ಪ್ರಶ್ನೆ: ಮಗಳ ಬಳಿ ಇರುವ ಮೊದಲ ಹ್ಯಾರಿ ಪಾಟರ್ ಪುಸ್ತಕದಲ್ಲಿ 1997 ಎಂಬ ಇಸವಿ ಇದೆ. ಇದಕ್ಕೆ ಲಕ್ಷಗಟ್ಟಲೆ ಬೆಲೆ ಎಂದು ಕೇಳಿದ್ದೇನೆ. ನಿಜವೇ?
– ಓದುಗರು, ಶಿವಮೊಗ್ಗ

ಉತ್ತರ: ಆ ಇಸವಿ ಲಕ್ಷಾಂತರ ಪ್ರತಿಗಳಲ್ಲಿದೆ. ಲಂಡನ್ನಿನ ಬ್ಲೂಮ್ಸ್‌ಬರಿ ಸಂಸ್ಥೆ 1997ರ ಜೂನ್ 26ರಂದು ಹೊರತಂದ ಗಟ್ಟಿ ರಟ್ಟಿನ ಮೊದಲ ಮುದ್ರಣ ಕೇವಲ 500 ಪ್ರತಿಗಳದ್ದು, ಅದರಲ್ಲೂ ಹೆಚ್ಚಿನ ಪಾಲು ಗ್ರಂಥಾಲಯಗಳಿಗೆ ಹೋಯಿತು. ಅದರಲ್ಲಿ ಅಂಕಿಗಳ ಸಾಲು 10ರಿಂದ 1ರವರೆಗೆ ಪೂರ್ತಿಯಾಗಿದೆ, ಕಾಪಿರೈಟ್ ಪುಟದಲ್ಲಿ ಲೇಖಕಿಯ ಹೆಸರು ‘ಜೊಆನ್ ರೋಲಿಂಗ್’ ಎಂದಿದೆ, 53ನೆಯ ಪುಟದಲ್ಲಿ ಶಾಲೆಗೆ ತರಬೇಕಾದ ವಸ್ತುಗಳ ಪಟ್ಟಿಯಲ್ಲಿ ಮಂತ್ರದಂಡ ಎರಡು ಸಲ ಬಂದಿದೆ. ಈ ಗುರುತುಗಳಲ್ಲಿ ಯಾವುದೋ ಒಂದು ಸಿಕ್ಕಿತೆಂದು ಸಂಭ್ರಮಿಸುವಂತಿಲ್ಲ, ಎಲ್ಲವೂ ಒಂದೇ ಪ್ರತಿಯಲ್ಲಿ ಕೂಡಿ ಬರಬೇಕು. ಪಾದಚಾರಿ ಮಾರ್ಗದಲ್ಲೋ ಸಿಗ್ನಲ್ಲಿನಲ್ಲೋ ಕೊಂಡ ಪ್ರತಿಯಾದರೆ ಇನ್ನೊಂದು ತೊಡಕಿದೆ. ಕಳ್ಳ ಮುದ್ರಣದವರು ಮೂಲ ಪುಸ್ತಕದ ಪುಟಗಳನ್ನು ಹಾಗೆಯೇ ಚಿತ್ರ ತೆಗೆದು ಅಚ್ಚು ಹಾಕುವುದರಿಂದ, ಅವರ ಕೈಗೆ ಮೊದಲ ಮುದ್ರಣ ಸಿಕ್ಕಿದ್ದರೆ ಅದರ ಅಂಕಿಗಳೂ ನಕಲಿಯೊಳಗೆ ಬಂದು ಕೂತಿರುತ್ತವೆ. ಮಸುಕು ಅಕ್ಷರ, ತೆಳು ಕಾಗದ, ಬಿಡಿಸಿದರೆ ಕಿತ್ತುಬರುವ ಅಂಟು ಇವೇ ಅಂಥ ಪ್ರತಿಯ ಗುರುತು.

ಪ್ರಶ್ನೆ: ನಮ್ಮ ತಂದೆಯವರ ಸಂಗ್ರಹದಲ್ಲಿ ಆರ್.ಕೆ. ನಾರಾಯಣ್ ಅವರ ಹಲವು ಪುಸ್ತಕಗಳಿವೆ, ಹೆಚ್ಚಿನವು ಮೈಸೂರಿನ ಇಂಡಿಯನ್ ಥಾಟ್ ಪಬ್ಲಿಕೇಷನ್ಸ್‌ನವು. ಲೇಖಕರೇ ನಡೆಸುತ್ತಿದ್ದ ಪ್ರಕಾಶನವಾದ್ದರಿಂದ ಇವೆಲ್ಲ ಮೊದಲ ಆವೃತ್ತಿಗಳೆಂದು ತಿಳಿಯಬಹುದೇ?
– ಓದುಗರು, ಹುಣಸೂರು

ಉತ್ತರ: ಹಾಗೆ ತಿಳಿಯುವಂತಿಲ್ಲ. ‘ಸ್ವಾಮಿ ಅಂಡ್ ಫ್ರೆಂಡ್ಸ್’ 1935ರಲ್ಲಿ ಲಂಡನ್ನಿನ ಹ್ಯಾಮಿಶ್ ಹ್ಯಾಮಿಲ್ಟನ್ ಸಂಸ್ಥೆಯಿಂದ ಮೊದಲು ಬಂತು. ‘ದ ಫೈನಾನ್ಷಿಯಲ್ ಎಕ್ಸ್‌ಪರ್ಟ್’ 1952ರಲ್ಲಿ ಲಂಡನ್ನಿನ ಮೆಥ್ಯುಯೆನ್ ಸಂಸ್ಥೆಯಿಂದ ಬಂತು. ಇವುಗಳ ಮೈಸೂರಿನ ಪ್ರತಿಗಳು ಭಾರತದ ಓದುಗರಿಗಾಗಿ ನಂತರ ತಂದವು, ನಮ್ಮ ಮನೆಗಳಲ್ಲಿ ಹೆಚ್ಚಾಗಿ ಇರುವುದೂ ಅವೇ. ಅವುಗಳಲ್ಲಿ ಹಳೆಯದೊಂದು ಸಿಕ್ಕರೆ ‘ಮೊದಲ ಭಾರತೀಯ ಮುದ್ರಣ’ ಎಂಬ ಗೌರವಕ್ಕೆ ಅದು ಅರ್ಹವಾಗಬಹುದು, ಆದರೆ ಆ ವಿಶೇಷಣವನ್ನು ಬಿಟ್ಟು ಮಾರಿದರೆ ಅದು ಕೊಳ್ಳುವವರಿಗೆ ಮಾಡಿದ ಅನ್ಯಾಯ.

ಆದರೆ ‘ಮಾಲ್ಗುಡಿ ಡೇಸ್’ ವಿಷಯ ಇದಕ್ಕೆ ತಿರುವುಮುರುವು. ಆ ಹೆಸರಿನ ಕಥಾಸಂಕಲನವನ್ನು ಮೊದಲು ಪ್ರಕಟಿಸಿದ್ದೇ ಇಂಡಿಯನ್ ಥಾಟ್, 1943ರಲ್ಲಿ. ಇಂದು ಜಗತ್ತೆಲ್ಲ ಓದುವ ‘ಮಾಲ್ಗುಡಿ ಡೇಸ್’ 1982ರಲ್ಲಿ ಹೊರದೇಶದಲ್ಲಿ ಬಂದದ್ದು. ಹಳೆಯ ಸಂಕಲನಗಳ ಕಥೆಗಳ ಜೊತೆಗೆ ಹೊಸ ಕಥೆಗಳೂ ಸೇರಿದ 32 ಕಥೆಗಳ ಬೇರೆಯೇ ಆಯ್ಕೆ ಅದು. ಹೆಸರು ಒಂದೇ ಆದ ಮಾತ್ರಕ್ಕೆ 1982ರ ಪುಸ್ತಕವನ್ನು 1943ರದ್ದರ ಮರುಮುದ್ರಣವೆನ್ನಲು ಬರುವುದಿಲ್ಲ. ನಿಮ್ಮ ತಂದೆಯವರ ಪ್ರತಿಯಲ್ಲಿ ಮೊದಲು ಪರಿವಿಡಿಯನ್ನು ನೋಡಿ, ಆಮೇಲೆ ಶೀರ್ಷಿಕೆಯ ಹಿಂದಿನ ಪುಟವನ್ನು ನೋಡಿ. 1943ರದ್ದೇ ಆಗಿದ್ದರೆ ದಯವಿಟ್ಟು ನನಗೊಂದು ಪತ್ರ ಬರೆಯಿರಿ, ಹುಣಸೂರು ಅಷ್ಟೇನೂ ದೂರವಲ್ಲ.

ಲಂಡನ್ನಿನಲ್ಲಿಯೇ ಮೊದಲು ಎಂಬ ಸಾಮಾನ್ಯ ನಂಬಿಕೆಯನ್ನು ಮುರಿದ ಪುಸ್ತಕ ಅರುಂಧತಿ ರಾಯ್ ಅವರ ‘ದ ಗಾಡ್ ಆಫ್ ಸ್ಮಾಲ್ ಥಿಂಗ್ಸ್’. 1997ರಲ್ಲಿ ಅದರ ಬ್ರಿಟಿಷ್ ಮತ್ತು ಅಮೆರಿಕನ್ ಪ್ರತಿಗಳೂ ಬಂದವಾದರೂ ಮೊದಲು ಬಂದದ್ದು ದೆಹಲಿಯ ಇಂಡಿಯಾಇಂಕ್ ಪ್ರಕಾಶನದ್ದು. ಪ್ರಪಂಚದ ಯಾವ ಊರಿನಲ್ಲಿ ಮೊದಲು ಹೊರಬಂತೋ ಅದೇ ನಿಜವಾದ ಮೊದಲು ಎಂಬ ಸಂಗ್ರಾಹಕರ ನಿಯಮವನ್ನು ಒಪ್ಪುವುದಾದರೆ ಇಲ್ಲಿ ದೆಹಲಿಗೇ ಪಟ್ಟ.

ಪ್ರಶ್ನೆ: ಅಜ್ಜನ ಟ್ರಂಕಿನಲ್ಲಿ ಎಪ್ಪತ್ತಕ್ಕೂ ಹೆಚ್ಚು ಕನ್ನಡ ಕಾದಂಬರಿಗಳೂ ನಾಟಕಗಳೂ ಸಿಕ್ಕಿವೆ. ಕೆಲವಕ್ಕೆ ಮುಖಪುಟವಿಲ್ಲ, ಕೆಲವಕ್ಕೆ ಮೊದಲ ನಾಲ್ಕು ಪುಟಗಳೇ ಇಲ್ಲ, ಕೆಲವನ್ನು ಯಾರೋ ಗಟ್ಟಿ ರಟ್ಟು ಹಾಕಿಸಿ ಬೈಂಡ್ ಮಾಡಿಸಿದ್ದಾರೆ. ಇವು ಯಾವ ಮುದ್ರಣವೆಂದು ತಿಳಿಯುವ ದಾರಿ ಇದೆಯೇ? ಅಜ್ಜ ಪ್ರತಿಯೊಂದರಲ್ಲೂ ನೀಲಿ ಶಾಯಿಯಲ್ಲಿ ತಮ್ಮ ಹೆಸರು, ತಾರೀಖು ಬರೆದಿದ್ದಾರೆ. ಅದನ್ನು ಅಳಿಸಿದರೆ ಪುಸ್ತಕದ ಬೆಲೆ ಹೆಚ್ಚುತ್ತದೆಯೇ?
– ಓದುಗರು, ಧಾರವಾಡ

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸಿಬಿಡುತ್ತೇನೆ, ಪತ್ರಿಕೆ ನಿಮ್ಮ ಕೈ ಸೇರುವುದರೊಳಗೆ ರಬ್ಬರ್ ಹಿಡಿದೀರಿ ಎಂಬ ಭಯ ನನಗೆ. ಅಜ್ಜ ಬರೆದ ತಾರೀಖೇ ನಿಮ್ಮ ಬಳಿ ಇರುವ ಬಲವಾದ ಸಾಕ್ಷಿ. ಅಚ್ಚಾಗುವ ಮೊದಲೇ ಪುಸ್ತಕವನ್ನು ಯಾರೂ ಕೊಂಡಿರಲಾರರು. ಅವರು 1958ರಲ್ಲಿ ಹೆಸರು ಬರೆದ ಪ್ರತಿ 1960ರ ಎರಡನೆಯ ಮುದ್ರಣವಾಗಿರುವುದು ಸಾಧ್ಯವಿಲ್ಲ.

ಹಕ್ಕುಗಳ ಪುಟ ಉಳಿದಿರುವ ಪುಸ್ತಕಗಳ ಮಟ್ಟಿಗೆ ಕನ್ನಡ ಪ್ರಕಾಶಕರು ಇಂಗ್ಲಿಷಿನವರಿಗಿಂತ ಪ್ರಾಮಾಣಿಕರು ಎಂದೇ ನಾನು ಹೇಳುತ್ತೇನೆ. ‘ಮೊದಲ ಮುದ್ರಣ’ ಎಂದು ಇಸವಿ ಹಾಕಿ, ಕೆಲವೊಮ್ಮೆ ಪ್ರತಿಗಳ ಸಂಖ್ಯೆ, ಕಾಗದದ ಬಗೆ, ಡೆಮಿಯೋ ಕ್ರೌನೋ ಎಂಬ ಅಳತೆಯನ್ನೂ ಹೇಳಿ, ಮರುಮುದ್ರಣಗಳನ್ನು ಒಂದರ ಕೆಳಗೊಂದು ಪಟ್ಟಿ ಮಾಡುವುದು ನಮ್ಮಲ್ಲಿ ಸಾಮಾನ್ಯ. ಪಟ್ಟಿಯ ಮೊದಲ ಸಾಲನ್ನಷ್ಟೇ ಓದಿ ಹಿಗ್ಗುವವರು ಬಹಳ. ತೇಜಸ್ವಿಯವರ ‘ಕರ್ವಾಲೊ’ ಮೊದಲು ಬಂದದ್ದು 1980ರಲ್ಲಿ, ಆ ಇಸವಿ ನಿನ್ನೆ ಅಚ್ಚಾದ ಪ್ರತಿಯಲ್ಲೂ ಇರುತ್ತದೆ. ನಿಮ್ಮ ಕೈಯಲ್ಲಿರುವ ಪ್ರತಿಯ ವಯಸ್ಸನ್ನು ಹೇಳುವುದು ಪಟ್ಟಿಯ ಕೊನೆಯ ಸಾಲು.

ಆ ಪುಟವೇ ಇಲ್ಲದಿದ್ದಾಗ ಉಳಿದ ಪುಟಗಳನ್ನು ಕೇಳಬೇಕು, ಮುಖ್ಯವಾಗಿ ಬೆಲೆಯನ್ನೂ ವಿಳಾಸವನ್ನೂ. ಹಿಂಬದಿಯ ಹೊದಿಕೆಯಲ್ಲೋ ಪುಸ್ತಕದ ಕೊನೆಗೆ ಹಾಕುತ್ತಿದ್ದ ‘ನಮ್ಮ ಇತರ ಪ್ರಕಟಣೆಗಳು’ ಎಂಬ ಪಟ್ಟಿಯಲ್ಲೋ ಬೆಲೆ ರೂಪಾಯಿ–ಆಣೆಗಳಲ್ಲಿದ್ದರೆ ಆ ಪ್ರತಿ ಹೆಚ್ಚುಕಡಿಮೆ 1957ಕ್ಕಿಂತ ಹಿಂದಿನದು, ಏಕೆಂದರೆ ಆ ವರ್ಷದ ಏಪ್ರಿಲ್ 1ರಂದು ದಶಮಾಂಶ ನಾಣ್ಯಗಳು ಬಂದವು. ‘ನಯಾ ಪೈಸೆ’ ಎಂದಿದ್ದರೆ ಅಲ್ಲಿಂದ 1964ರ ಮಧ್ಯದವರೆಗಿನ ಕಾಲದ್ದೆಂದು ಊಹಿಸಬಹುದು. 1964ರ ಜೂನ್ 1ರಂದು ‘ನಯಾ’ ಎಂಬುದು ಬಿದ್ದುಹೋಯಿತು. ಹಳೆಯ ದಾಸ್ತಾನಿನ ಮೇಲೆ ಹೊಸ ಬೆಲೆಯ ಚೀಟಿ ಅಂಟಿಸಿ ಮಾರುತ್ತಿದ್ದರೆಂಬುದನ್ನು ಮರೆಯಬೇಡಿ. ಚೀಟಿ ಕಂಡರೆ ಕೀಳದೆ ಬೆಳಕಿಗೆ ಹಿಡಿದು ಕೆಳಗೆ ಏನಿದೆ ಎಂದು ನೋಡಿ. ವಿಳಾಸದಲ್ಲಿ ‘ಬೆಂಗಳೂರು–4’ ಎಂದಷ್ಟೇ ಇದ್ದರೆ ಅದು ಹಳೆಯದಿರಬಹುದು. ಅದೇ ಬಸವನಗುಡಿಗೆ ‘560 004’ ಎಂದಿದ್ದರೆ, ಒಳಗೆ ಏನೇ ಇಸವಿ ಇರಲಿ, ಆ ಹಾಳೆ ಅಚ್ಚಾದದ್ದು 1972ರ ಆಗಸ್ಟ್ 15ರ ನಂತರ. ಪಿನ್ ಕೋಡ್ ಜಾರಿಗೆ ಬಂದದ್ದೇ ಅಂದು. ಹಾಗೆಯೇ ವಿಳಾಸದಲ್ಲಿ ರಾಜ್ಯದ ಹೆಸರು ‘ಕರ್ನಾಟಕ’ ಎಂದಿದ್ದರೆ 1973ರ ನವೆಂಬರ್ 1ರ ಈಚಿನದೆಂದು ಹೇಳಬಹುದು. ಇದನ್ನು ಮಾತ್ರ ನಿಮ್ಮ ಊರಿನ ಪುಸ್ತಕಗಳಿಗೆ ಜೋಪಾನವಾಗಿ ಅನ್ವಯಿಸಬೇಕು. ಧಾರವಾಡದವರು 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದುಕೊಂಡೇ ‘ಕರ್ನಾಟಕ’ ಎಂಬ ಪದವನ್ನು ಅಭಿಮಾನದಿಂದ ಬರೆಯುತ್ತಿದ್ದವರು. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಹದಿಮೂರು ಅಂಕಿಗಳದ್ದಾಗಿದ್ದರೆ 2007ರ ಆಸುಪಾಸಿನದೋ ಈಚಿನದೋ ಎಂದು ತಿಳಿಯಿರಿ. ₹ ಚಿಹ್ನೆ ಇದ್ದರೆ 2010ರ ಜುಲೈ ನಂತರದ್ದು.

ಮುದ್ರಕರ ಹೆಸರೂ ಒಳ್ಳೆಯ ಸುಳಿವು. 1867ರ ಕಾಯಿದೆಯಂತೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ಊರುಗಳನ್ನು ಪುಸ್ತಕದಲ್ಲಿ ಅಚ್ಚು ಹಾಕಲೇಬೇಕಿತ್ತು, ಮತ್ತು ನಮ್ಮ ಅನೇಕ ಪ್ರಕಾಶಕರು ಅದನ್ನು ಕೊನೆಯ ಪುಟದ ಬುಡದಲ್ಲಿ ಹಾಕುತ್ತಿದ್ದರು. ಮೊದಲ ಪುಟಗಳು ಹೋದರೂ ಕೊನೆಯ ಪುಟ ಉಳಿದಿದ್ದರೆ ಅಲ್ಲಿ ನೋಡಿ. ಅದೇ ಪುಸ್ತಕದ ಇನ್ನೊಂದು ಪ್ರತಿ ಗ್ರಂಥಾಲಯದಲ್ಲಿ ಸಿಕ್ಕು, ಅದರಲ್ಲಿ ಬೇರೆ ಅಚ್ಚುಕೂಟದ ಹೆಸರಿದ್ದರೆ, ಎರಡೂ ಒಂದೇ ಮುದ್ರಣವಲ್ಲ ಎಂಬುದು ಬಹುಮಟ್ಟಿಗೆ ಖಚಿತ. ಒಳಗೆ ‘ಎರಡನೆಯ ಮುದ್ರಣಕ್ಕೆ ಅರಿಕೆ’ ಇದ್ದರೆ ಹುಡುಕಾಟ ಅಲ್ಲಿಗೇ ಮುಗಿಯಿತು.

ಕೊನೆಯದಾಗಿ, ನನಗೆ ಬಹಳ ಪ್ರಿಯವಾದ ಗುರುತು ‘ತಪ್ಪು–ಒಪ್ಪು’ ಪಟ್ಟಿ. ಸೀಸದ ಅಕ್ಷರಗಳ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ, ಪುಟಗಳು ಅಚ್ಚಾದ ಮೇಲೆ ಕಣ್ಣಿಗೆ ಬಿದ್ದ ತಪ್ಪುಗಳನ್ನು ಪುಟ, ಸಾಲುಗಳ ಸಮೇತ ಕೊನೆಯಲ್ಲಿ ಪಟ್ಟಿ ಮಾಡಿ ಕೊಡುತ್ತಿದ್ದರು. ಮತ್ತೆ ಮೊಳೆ ಜೋಡಿಸಿ ಮರುಮುದ್ರಿಸುವಾಗ ಆ ತಪ್ಪುಗಳು ಪಠ್ಯದಲ್ಲಿಯೇ ಸರಿಯಾಗಿ, ಪಟ್ಟಿಗೆ ಕೆಲಸವಿರುತ್ತಿರಲಿಲ್ಲ. ಪಟ್ಟಿಯಲ್ಲಿ ಹೇಳಿದ ತಪ್ಪು ಹೇಳಿದ ಪುಟದ ಹೇಳಿದ ಸಾಲಿನಲ್ಲಿಯೇ ಇದ್ದರೆ ಅದು ಮೊದಲ ಮುದ್ರಣವಾಗಿರುವ ಸಂಭವ ಬಹಳ. ಎಲ್ಲೋ ಒಬ್ಬ ಓದುಗ ಪೆನ್ಸಿಲ್ ಹಿಡಿದು ಆ ತಪ್ಪುಗಳನ್ನೆಲ್ಲ ಪುಟಪುಟಕ್ಕೂ ಹೋಗಿ ತಿದ್ದಿರುವ ಪ್ರತಿಗಳೂ ಸಿಗುತ್ತವೆ. ಅಜ್ಜ ಅಂಥವರಾಗಿದ್ದರೆ ಆ ಪೆನ್ಸಿಲ್ ಗುರುತುಗಳನ್ನೂ ಮುಟ್ಟಬೇಡಿ. ಬೈಂಡ್ ಆಗಿರುವ ಪುಸ್ತಕಗಳ ರಟ್ಟನ್ನು ಬಿಚ್ಚಿಸುವ ಮೊದಲು ಒಳಗೆ ಮೂಲ ಮುಖಪುಟವನ್ನು ಸೇರಿಸಿ ಹೊಲಿದಿದ್ದಾರೆಯೇ ಎಂದು ನೋಡಿಕೊಳ್ಳಿ. ಹಳೆಯ ಬೈಂಡಿನವರಲ್ಲಿ ಕೆಲವರು ಅದನ್ನು ಕೊನೆಯ ಪುಟಗಳ ನಡುವೆ ಇಟ್ಟು ಹೊಲಿಯುತ್ತಿದ್ದರು.